ಊರಲ್ಲಿ ಯಾರ ಹತ್ತಿರವೂ ಇಲ್ಲದ ಕಂಪನಿಯ ಟ್ರ್ಯಾಕ್ಟರ್ ತಗೊಳ್ಳಬಹುದಾ? ಡೀಲರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಕಡೆಯ ರೈತರು ಹೊಸ ಟ್ರ್ಯಾಕ್ಟರ್ ವಿಚಾರಿಸುವಾಗ ಕೇಳುವ ಪ್ರಶ್ನೆಗಳು ಇವು. ದರ ಚೆನ್ನಾಗಿದೆ, ಗಾಡಿಯೂ ಚೆನ್ನಾಗಿ ಕಾಣುತ್ತದೆ, ಆದರೆ ಸುತ್ತಮುತ್ತ ಯಾರೂ ಆ ಕಂಪನಿಯದು ಇಟ್ಟುಕೊಂಡಿಲ್ಲ. ಇದೇ ಎಲ್ಲರ ಚಿಂತೆ. ಇಂಥ ಗಾಡಿ ತಗೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಗಾಡಿಯ ಪರೀಕ್ಷೆಗೂ ಮೊದಲು ಡೀಲರ್‌ನ ಪರೀಕ್ಷೆ ಆಗಬೇಕು. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ.

ಹೆಸರು ಕಡಿಮೆ ಇರುವ ಕಂಪನಿ ಅಂತ ಯಾವುದನ್ನು ಕರೆಯಬೇಕು?

ನಿಮ್ಮ ತಾಲ್ಲೂಕಿನ ಲೆಕ್ಕದಲ್ಲಿ ನೋಡಿ, ದೇಶದ ಲೆಕ್ಕದಲ್ಲಿ ಬೇಡ. ಗುಜರಾತಿನ ರಾಜಕೋಟದ ಕ್ಯಾಪ್ಟನ್, ಪಂಜಾಬಿನ ನಾಭಾದ ಪ್ರೀತ್, ಹಿಮಾಚಲದ ಬದ್ದಿಯ ಇಂಡೋ ಫಾರ್ಮ್ ಆಯಾ ಸೀಮೆಯ ರೈತರಿಗೆ ಹೊಸ ಹೆಸರುಗಳೇನಲ್ಲ. ಮಹೀಂದ್ರಾ, ಸ್ವರಾಜ್, ಮ್ಯಾಸಿ, ಸೋನಾಲಿಕಾ, ಜಾನ್ ಡಿಯರ್ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಇವುಗಳಲ್ಲೂ ಯಾವುದಾದರೂ ಒಂದಕ್ಕೆ ನಿಮ್ಮ ಊರಿನ 30 ಕಿಲೋಮೀಟರ್ ಒಳಗೆ ಸಾಮಾನು ಇಡುವ ಅಂಗಡಿ, ಕೈ ಹಾಕುವ ಮಿಸ್ತ್ರಿ ಇಲ್ಲದಿದ್ದರೆ, ಅದು ನಿಮ್ಮ ಪಾಲಿಗೆ ಅಪರೂಪದ ಗಾಡಿಯೇ. ಮುಂದಿನ ಪ್ರಶ್ನೆಗಳನ್ನು ಅದಕ್ಕೂ ಕೇಳಿ.

ದರದಲ್ಲಿ ಅಷ್ಟು ಉಳಿತಾಯ ಆಗುವಾಗ ಡೀಲರ್ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ನಮ್ಮ ಎರೆ ಹೊಲದ ಸ್ವಭಾವ ನೋಡಿ. ನವಲಗುಂದ, ನರಗುಂದ, ರೋಣ, ಅಣ್ಣಿಗೇರಿ ಕಡೆ ಮಳೆ ಬಿದ್ದ ಮೇಲೆ ಒಂದಿಷ್ಟು ದಿನ ಹೊಲಕ್ಕೆ ಕಾಲಿಡಲು ಆಗುವುದಿಲ್ಲ, ಗಾಲಿ ಹೂತುಹೋಗುತ್ತದೆ. ಆಮೇಲೆ ನೆಲ ಹದಕ್ಕೆ ಬರುತ್ತದೆ. ಆ ಹದ ಇರುವುದು ಕೆಲವೇ ದಿನ. ಬಿಸಿಲು ಜೋರಾದರೆ ಮೇಲ್ಮಣ್ಣು ಗಟ್ಟಿಯಾಗಿ ಬಿರುಕು ಬಿಡುತ್ತದೆ, ಕೂರಿಗೆ ಇಳಿಯುವುದಿಲ್ಲ. ಮುಂಗಾರಿನಲ್ಲಿ ಹೆಸರು ಬಿತ್ತಿ, ರಾಶಿ ಮಾಡಿ, ಅದೇ ಹೊಲಕ್ಕೆ ಹಿಂಗಾರಿಯಲ್ಲಿ ಕಡಲೆ ಅಥವಾ ಬಿಳಿಜೋಳ ಹಾಕುವವರಿಗಂತೂ ಎರಡು ಬೆಳೆಯ ನಡುವೆ ಉಸಿರು ಬಿಡಲು ಸಮಯ ಇರುವುದಿಲ್ಲ.

ಆ ವಾರದಲ್ಲೇ ಕ್ಲಚ್ ಹೋಯಿತು ಅಂತಿಟ್ಟುಕೊಳ್ಳಿ. ಪ್ಲೇಟ್ ಗದಗದಲ್ಲಿ ಸಿಕ್ಕರೆ ಮರುದಿನ ಗಾಡಿ ಹೊಲದಲ್ಲಿರುತ್ತದೆ. ಅದೇ ಪ್ಲೇಟ್ ಬೇರೆ ರಾಜ್ಯದ ಗೋಡೌನಿನಿಂದ ಬರಬೇಕಾದರೆ ವಾರ, ಕೆಲವೊಮ್ಮೆ ಹದಿನೈದು ದಿನ. ಅಷ್ಟರಲ್ಲಿ ಹದ ಹೋಗಿರುತ್ತದೆ. ಬಾಡಿಗೆ ಟ್ರ್ಯಾಕ್ಟರ್ ತರೋಣ ಅಂದರೆ ಆ ವಾರ ಊರಿಗೆ ಊರೇ ಬಿತ್ತನೆಯಲ್ಲಿರುತ್ತದೆ, ಯಾರ ಗಾಡಿಯೂ ಖಾಲಿ ಇರುವುದಿಲ್ಲ.

ಹಾಗಾಗಿ ಒಂದು ಲೆಕ್ಕ ಮಾಡಿ. ಹಂಗಾಮಿನಲ್ಲಿ ಗಾಡಿ 10 ದಿನ ನಿಂತರೆ ನಿಮ್ಮ ಹೊಲದ ಕೆಲಸಕ್ಕೆ ಬಾಡಿಗೆ ಎಷ್ಟು ಕೊಡಬೇಕು, ನೀವು ಬೇರೆಯವರ ಹೊಲ ಮಾಡಿ ದುಡಿಯುವ ಬಾಡಿಗೆ ಎಷ್ಟು ಹೋಗುತ್ತದೆ, ಬಿತ್ತನೆ ತಡವಾದರೆ ಇಳುವರಿ ಎಷ್ಟು ಕಡಿಮೆಯಾಗುತ್ತದೆ, ಎಲ್ಲಾ ಕೂಡಿಸಿ. ಆ ಮೊತ್ತವನ್ನು ಶೋರೂಮಿನವರು ಹೇಳುವ ಉಳಿತಾಯದ ಪಕ್ಕದಲ್ಲಿಟ್ಟು ನೋಡಿ.

ಡೀಲರ್ ಹತ್ತಿರ ಹೋದಾಗ ಮೊದಲು ಏನು ನೋಡಬೇಕು?

ಮುಂದೆ ನಿಲ್ಲಿಸಿರುವ ಹೊಳೆಯುವ ಗಾಡಿ ಬಿಟ್ಟು ಸೀದಾ ಹಿಂದೆ ಹೋಗಿ. ಸ್ಪೇರ್ ಪಾರ್ಟ್ಸ್ ಕೌಂಟರ್ ಎಲ್ಲಿದೆ ಅಂತ ಕೇಳಿ. "ಸಾಮಾನು ಗೋಡೌನ್‌ನಾಗ ಅದಾವ್ರಿ" ಅಂದರೆ ಗೋಡೌನ್ ತೋರಿಸಿ ಅನ್ನಿ. ಸಂಕೋಚ ಬೇಡ, ಕೊಡುವುದು ನಿಮ್ಮ ದುಡ್ಡು.

ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಹೆಡ್ ಗ್ಯಾಸ್ಕೆಟ್, ವಾಟರ್ ಪಂಪ್, ಹೈಡ್ರಾಲಿಕ್ ಪಂಪಿನ ಸೀಲ್ ಕಿಟ್, ಮುಂದಿನ ಹಬ್ಬಿನ ಬೇರಿಂಗ್, ಸ್ಟೀರಿಂಗ್ ಬಾಲ್ ಜಾಯಿಂಟ್, ಬ್ರೇಕ್ ಲೈನಿಂಗ್, ಪಿಟಿಒ ಶಾಫ್ಟ್ (ಹಿಂದೆ ಜೋಡಿಸಿದ ಯಂತ್ರವನ್ನು ತಿರುಗಿಸುವುದು), ಸೆಲ್ಫ್ ಮೋಟಾರ್, ಆಯಿಲ್ ಮತ್ತು ಡೀಸೆಲ್ ಫಿಲ್ಟರ್. ನೀವು ತಗೊಳ್ಳುವ ಮಾಡೆಲ್ ಹೇಳಿ, ಒಂದೊಂದರ ದರ ಕೇಳಿ, ಸಾಮಾನು ಕಣ್ಣಿಗೆ ತೋರಿಸಲು ಹೇಳಿ. ಬಾಯಿಮಾತಿನ "ಐತ್ರಿ" ಸಾಲದು.

ಕೌಂಟರಿನವರ ಕೈ ಗಮನಿಸಿ. ಪಳಗಿದವರಾದರೆ ಪಾರ್ಟ್ಸ್ ಪುಸ್ತಕವನ್ನೋ ಕಂಪ್ಯೂಟರನ್ನೋ ತೆಗೆದು ಮಾಡೆಲ್ ನೋಡಿ, ನಂಬರ್ ಓದಿ, ಯಾವ ಕಪಾಟಿನ ಯಾವ ಖಾನೆ ಅಂತ ನೇರ ಹೋಗಿ ಡಬ್ಬಿ ತರುತ್ತಾರೆ. ಡಬ್ಬಿ ಮೇಲೆ ಕಂಪನಿಯ ಚೀಟಿ, ಪಾರ್ಟ್ ನಂಬರ್, ಎಂಆರ್‌ಪಿ ಇರುತ್ತದೆ. ಕಪಾಟಿನ ಧೂಳೂ ಮಾತಾಡುತ್ತದೆ. ಡಬ್ಬಿ ಎತ್ತಿದ ಕಡೆ ಧೂಳಿಲ್ಲದ ಚೌಕ ಕಂಡರೆ, ಮಾಲು ಬಂದು ಹೋಗುತ್ತಿದೆ ಅಂತ. ಎಲ್ಲಾ ಡಬ್ಬಿಗಳ ಮೇಲೂ ಒಂದೇ ಸಮ ಧೂಳು ಕೂತಿದ್ದರೆ, ಶೋರೂಮ್ ಶುರುವಾದಾಗ ಕಂಪನಿ ಕಳಿಸಿದ ಮೊದಲ ಲೋಡು ಹಾಗೇ ಬಿದ್ದಿದೆ. ಖಾಲಿ ಕಪಾಟಿದ್ದರೆ ಹೇಳುವುದೇ ಬೇಡ.

ಒಂದು ಆಯಿಲ್ ಫಿಲ್ಟರನ್ನು ಬಿಲ್ ಸಮೇತ ಕೊಂಡುಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅವರಲ್ಲಿ ಬಿಲ್ ಆಗುತ್ತದಾ, ದರ ಎಂಆರ್‌ಪಿ ಒಳಗಿದೆಯಾ, ಗಾಡಿ ಕೊಳ್ಳದ ಗಿರಾಕಿಯ ಹತ್ತಿರ ಹೇಗೆ ಮಾತಾಡುತ್ತಾರೆ, ಎಲ್ಲವೂ ಒಂದೇ ಸಲ ಗೊತ್ತಾಗುತ್ತದೆ.

ಸಾಮಾನೆಲ್ಲಾ ಹೊರಗಡೆನೂ ಸಿಗುತ್ತದೆ ಅಂತಾರೆ, ನಿಜಾನಾ?

ಅರ್ಧ ನಿಜ. ಯಾವ ಟ್ರ್ಯಾಕ್ಟರ್ ಕಂಪನಿಯೂ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಡೀಸೆಲ್ ಪಂಪು, ಟೈರ್, ಬ್ಯಾಟರಿ, ಬೇರಿಂಗ್, ಆಯಿಲ್ ಸೀಲ್ ಬಹುಪಾಲು ಹೊರಗಿನ ಕಂಪನಿಗಳವು. ಬಾಷ್ ಪಂಪು ಇದ್ದರೆ, ಅಂದರೆ ನಮ್ಮ ಮಿಸ್ತ್ರಿಗಳು ಈಗಲೂ ಮೈಕೋ ಅಂತ ಕರೆಯುವುದು, ಅದರ ಸಾಮಾನಿಗೆ ಟ್ರ್ಯಾಕ್ಟರ್ ಡೀಲರನ್ನೇ ಕಾಯಬೇಕಿಲ್ಲ. ಬೇರಿಂಗ್ ಮೇಲೆ ನಂಬರ್ ಇರುತ್ತದೆ, ಆ ನಂಬರ್ ತೋರಿಸಿದರೆ ಬೇರಿಂಗ್ ಅಂಗಡಿಯವರು ಕೊಡುತ್ತಾರೆ.

ಗೇರು, ಕ್ರೌನ್ ಪಿನಿಯನ್, ಸಿಲಿಂಡರ್ ಹೆಡ್, ಹೈಡ್ರಾಲಿಕ್‌ನ ಎರಕದ ಭಾಗ, ಬಾನೆಟ್, ಮೀಟರ್, ವೈರಿಂಗ್ ಹೊರಗೆ ಸಿಗುವುದಿಲ್ಲ. ಇವು ಆ ಮಾಡೆಲ್‌ಗೇ ಮಾಡಿದಂಥವು. ಜಾಸ್ತಿ ಓಡುವ ಗಾಡಿಗಳಿಗೆ ಬೇರೆಯವರು ಮಾಡಿದ ಡೂಪ್ಲಿಕೇಟ್ ಆದರೂ ಸಿಗುತ್ತದೆ, ಅಪರೂಪದ ಗಾಡಿಗೆ ಅದೂ ಇಲ್ಲ. ಕಡಿಮೆ ಮಾರುವ ಸಾಮಾನನ್ನು ಯಾರು ತಾನೇ ಮಾಡಿಡುತ್ತಾರೆ?

ಇದನ್ನು ಮೊದಲೇ ತಿಳಿಯಲು ಒಂದು ದಾರಿ ಇದೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅವರ ಟೆಸ್ಟ್ ರಿಪೋರ್ಟಿನಲ್ಲಿ ಪಿಟಿಒ ಶಕ್ತಿ, ಡೀಸೆಲ್ ಖರ್ಚು, ಲಿಫ್ಟ್ ಎತ್ತುವ ಭಾರ ಎಲ್ಲಾ ಇರುತ್ತದೆ. ಅದರ ಜೊತೆಗೆ ಪಂಪು ಯಾರದು, ಕ್ಲಚ್ ಯಾರದು ಅಂತಲೂ ಬರೆದಿರುತ್ತಾರೆ. ಪರೀಕ್ಷೆ ವೇಳೆ ಏನಾದರೂ ಮುರಿದಿದ್ದರೆ, ಸೋರಿದ್ದರೆ ಅದೂ ಇರುತ್ತದೆ. ನಿಮ್ಮ ಮಾಡೆಲ್‌ನ ರಿಪೋರ್ಟ್ ಡೀಲರ್ ಹತ್ತಿರ ಕೇಳಿ. ಇಂಗ್ಲಿಷಿನಲ್ಲಿರುತ್ತದೆ, ಓದುವ ಮಕ್ಕಳಿಂದ ಓದಿಸಿ.

ನಮ್ಮೂರ ಮಿಸ್ತ್ರಿ ಯಾವ ಗಾಡಿಯಾದರೂ ರಿಪೇರಿ ಮಾಡುತ್ತಾರೆ. ಕಂಪನಿ ಮಿಸ್ತ್ರಿ ಬೇಕೇ ಬೇಕಾ?

ಇಂಜಿನ್ ಕೆಲಸಕ್ಕೆ ನಮ್ಮೂರ ಮಿಸ್ತ್ರಿ ಸಾಕಾಗಬಹುದು, ಅವರ ಕೈಗುಣದ ಬಗ್ಗೆ ನನಗೆ ಗೌರವ ಇದೆ. ತೊಡಕು ಬರುವುದು ಗೇರ್ ಬಾಕ್ಸ್ ಮತ್ತು ಹೈಡ್ರಾಲಿಕ್‌ನಲ್ಲಿ. ಶಿಮ್ (ಸಂದು ತುಂಬುವ ತೆಳು ಬಿಲ್ಲೆ) ಎಷ್ಟು ಹಾಕಬೇಕು, ಯಾವ ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ವಾರಂಟಿ ಇರುವಾಗ ಹೊರಗಿನವರು ಬಿಚ್ಚಿದ್ದಾರೆ ಅಂತ ಗೊತ್ತಾದರೆ ಕ್ಲೇಮ್ ತಳ್ಳಿಹಾಕಲು ಅದೇ ಒಂದು ನೆಪವೂ ಆಗುತ್ತದೆ.

ಡೀಲರ್ ಹತ್ತಿರ ಕಂಪನಿಯಲ್ಲಿ ತರಬೇತಿ ಪಡೆದ ಮಿಸ್ತ್ರಿ ಸಂಬಳಕ್ಕೆ ಇದ್ದಾರಾ, ಅಥವಾ ಕೆಲಸ ಬಂದಾಗ ಹೊರಗಿನಿಂದ ಕರೆಸುತ್ತಾರಾ ಅಂತ ಕೇಳಿ. ಮಿಸ್ತ್ರಿ ಜೊತೆ ಚಹಾ ಕುಡಿಯುತ್ತಾ ಐದು ನಿಮಿಷ ಮಾತಾಡಿ. "ಈ ಗಾಡಿಗೆ ಹೆಚ್ಚು ಬರುವ ಕಂಪ್ಲೇಂಟ್ ಯಾವುದ್ರೀ?" ಅಂತ ಕೇಳಿ. ಒಂದೆರಡು ತೊಂದರೆ ನೇರ ಹೇಳಿ, ಅದನ್ನು ಹೇಗೆ ಸರಿಮಾಡುತ್ತೇವೆ ಅಂದರೆ ಅವರು ಕೆಲಸ ಬಲ್ಲವರು. "ಏನೂ ಬರಂಗಿಲ್ರಿ" ಅಂದರೆ ಒಂದೋ ಕೆಲಸ ಗೊತ್ತಿಲ್ಲ, ಇಲ್ಲಾ ಹೇಳಬೇಡ ಅಂತ ಮಾಲೀಕರು ಹೇಳಿದ್ದಾರೆ.

50 ಎಚ್‌ಪಿ ಮೇಲಿನ ಗಾಡಿಗೂ ಇದೇ ಲೆಕ್ಕನಾ?

ಅಲ್ಲ, ಇನ್ನೂ ಬಿಗಿ ಲೆಕ್ಕ. 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಇದರಿಂದ ಆ ಗಾತ್ರದಲ್ಲಿ ಹಳೆಯ ಯಾಂತ್ರಿಕ ಪಂಪಿನ ಬದಲು ಕಾಮನ್ ರೇಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ), ಸೆನ್ಸರ್, ಇಸಿಯು ಅನ್ನುವ ಇಂಜಿನ್ ಕಂಪ್ಯೂಟರ್ ಇರುವ ಇಂಜಿನ್‌ಗಳು ಬಂದವು. ಇಲ್ಲಿ ಪಾನಾ ಒಂದರಿಂದ ಕೆಲಸ ನಡೆಯುವುದಿಲ್ಲ. ಸೆನ್ಸರ್ ಕೆಟ್ಟರೆ ಗಾಡಿ ಶಕ್ತಿ ಕಳೆದುಕೊಳ್ಳುತ್ತದೆ ಅಥವಾ ಚಾಲೂ ಆಗುವುದೇ ಇಲ್ಲ. ಯಾವ ತಪ್ಪು ಅಂತ ಓದಲು ಆ ಕಂಪನಿಯ ಸ್ಕ್ಯಾನರ್ ಬೇಕು.

ಆದ್ದರಿಂದ ಈ ಗಾತ್ರದ ಗಾಡಿ ತಗೊಳ್ಳುವವರು ಡೀಲರ್ ಹತ್ತಿರ ಸ್ಕ್ಯಾನರ್ ಇದೆಯಾ, ಅದನ್ನು ಹೊಲಕ್ಕೆ ತರುತ್ತಾರಾ ಅಂತ ಕೇಳಲೇಬೇಕು. ಸ್ಕ್ಯಾನರ್ ಬೇರೆ ಜಿಲ್ಲೆಯಿಂದ ಬರಬೇಕು ಅಂದರೆ ಹೆಸರು ಕಡಿಮೆ ಇರುವ ಕಂಪನಿಯ 55 ಎಚ್‌ಪಿ ಗಾಡಿ ಬೇಡ ಅಂತಲೇ ನಾನು ಹೇಳುತ್ತೇನೆ. 50 ಎಚ್‌ಪಿ ಒಳಗಿನ ಯಾಂತ್ರಿಕ ಪಂಪಿನ ಗಾಡಿಯಲ್ಲಿ ಇಷ್ಟು ಭಯ ಇಲ್ಲ.

ಡೀಲರ್ ಎಷ್ಟು ದೂರ ಇದ್ದರೆ ಪರವಾಗಿಲ್ಲ?

ಕಿಲೋಮೀಟರಿಗಿಂತ ಡೀಲರ್ ಹೊಲಕ್ಕೆ ಬರುತ್ತಾರಾ ಅನ್ನುವುದು ಮುಖ್ಯ. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಹಾವೇರಿ ಸುಮಾರು 75 ಕಿ.ಮೀ. ಆದರೆ ಹೊಲ ಮುಂಡರಗಿ ಆಚೆಗೋ, ಹಿರೇಕೆರೂರು ಕಡೆಗೋ ಇದ್ದರೆ ಹುಬ್ಬಳ್ಳಿ ಡೀಲರ್‌ಗೆ ಅದು ಇಡೀ ದಿನದ ಕೆಲಸ. ಹಂಗಾಮಿನಲ್ಲಿ ಒಬ್ಬ ಮಿಸ್ತ್ರಿಗೆ ಹತ್ತು ಕಡೆಯಿಂದ ಫೋನ್ ಬರುತ್ತಿರುತ್ತದೆ. ದೂರದವರು ಸಾಲಿನ ಕೊನೆಗೆ ಹೋಗುವುದು ಸಹಜ.

ನನ್ನ ಅಳತೆ ಇಷ್ಟು: ಮುಂಜಾನೆ ಫೋನ್ ಮಾಡಿದರೆ ಸಂಜೆಯೊಳಗೆ ಮಿಸ್ತ್ರಿ ಹೊಲದಲ್ಲಿರಬೇಕು. ಬರಲು ಎಷ್ಟು ದುಡ್ಡು ತಗೊಳ್ಳುತ್ತಾರೆ, ವಾರಂಟಿಯಲ್ಲಿ ಅದು ಬಿಟ್ಟಿಯಾ ಅಂತಲೂ ಕೇಳಿಡಿ. ಸಣ್ಣ ಸಾಮಾನನ್ನು ಬಸ್ ಪಾರ್ಸಲ್ಲಿನಲ್ಲಿ ಹಾಕಿ ಕಳಿಸುವ ರೂಢಿ ಡೀಲರ್‌ಗೆ ಇದ್ದರೆ ಅರ್ಧ ತೊಂದರೆ ಕಡಿಮೆ.

ಹೊಸದಾಗಿ ಶುರುವಾದ ಡೀಲರ್. ನಂಬಬಹುದಾ?

ಹೊಸಬರು ಅಂತಲೇ ಬೇಡ ಅನ್ನಲಾಗದು, ಎಷ್ಟೋ ಸಲ ಹೊಸಬರೇ ಮುತುವರ್ಜಿಯಿಂದ ಓಡಾಡುತ್ತಾರೆ. ಆದರೆ ಒಂದು ಚಾಳಿ ಗಮನಿಸಿ. ಕೆಲವರು ಎರಡು ವರ್ಷ ಒಂದು ಕಂಪನಿ, ಆಮೇಲೆ ಬೋರ್ಡ್ ಬದಲಿಸಿ ಇನ್ನೊಂದು ಕಂಪನಿ ಅಂತ ನಡೆಸುತ್ತಾರೆ. ಮೊದಲಿನ ಕಂಪನಿಯ ಗಾಡಿ ತಗೊಂಡವರು ನಡುನೀರಿನಲ್ಲಿ. ಅದೇ ಮಾಲೀಕರು ಮೊದಲು ಏನು ಮಾರುತ್ತಿದ್ದರು, ಆ ಗಿರಾಕಿಗಳಿಗೆ ಈಗ ಯಾರು ದಿಕ್ಕು ಅಂತ ಅಕ್ಕಪಕ್ಕದ ಅಂಗಡಿಯವರನ್ನು ಕೇಳಿ, ಹೇಳುತ್ತಾರೆ.

ಸಬ್ ಡೀಲರ್ ವಿಷಯವೂ ಇದೆ. ತಾಲ್ಲೂಕು ಊರಿನ ಎಷ್ಟೋ ಶೋರೂಮುಗಳು ಬರೀ ಮಾರಾಟಕ್ಕೆ. ಬಿಲ್ ಆಗುವುದು ಬೇರೆ ಊರಿನ ಮುಖ್ಯ ಡೀಲರ್ ಹೆಸರಿನಲ್ಲಿ, ಸರ್ವೀಸೂ ಅಲ್ಲೇ. ದುಡ್ಡು ಕೊಡುವ ಮೊದಲೇ "ಬಿಲ್ ಯಾರ ಹೆಸರಲ್ಲಿ ಬರುತ್ತದೆ?" ಅಂತ ಕೇಳಿಬಿಡಿ.

ಕಂಪನಿಯೇ ಮುಚ್ಚಿದರೆ ಏನು ಗತಿ?

ದೊಡ್ಡ ಹೆಸರುಗಳೂ ನಿಂತಿವೆ. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಶುರುಮಾಡಿದ ಎಚ್‌ಎಂಟಿಯ ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಬಲವಾನ್ ಟ್ರ್ಯಾಕ್ಟರ್ ಮಾಡುತ್ತಿದ್ದ ಫೋರ್ಸ್ ಮೋಟಾರ್ಸ್ 2024ರ ಮಾರ್ಚ್ ಕೊನೆಗೆ ಈ ವ್ಯವಹಾರ ಬಿಟ್ಟಿತು. ಇನ್ನೊಂದು ಬಗೆಯೂ ಇದೆ. ಐಷರ್ ಟ್ರ್ಯಾಕ್ಟರ್ 2005ರಲ್ಲಿ ಟಾಫೆ ಕಂಪನಿಯ ಕೈಗೆ ಹೋಯಿತು, ಸ್ವರಾಜ್ ಮಾಡುತ್ತಿದ್ದ ಪಂಜಾಬ್ ಟ್ರ್ಯಾಕ್ಟರ್ಸ್ 2007ರಲ್ಲಿ ಮಹೀಂದ್ರಾ ಕೈಗೆ ಹೋಯಿತು. ಎರಡೂ ಇವತ್ತಿಗೂ ಮಾರಾಟವಾಗುತ್ತಿವೆ.

ಮುಚ್ಚಿದ ಕಂಪನಿಯ ಗಾಡಿ ಎಷ್ಟು ವರ್ಷ ಓಡುತ್ತದೆ ಅನ್ನುವುದು ಅಂಥ ಗಾಡಿ ಎಷ್ಟು ಮಾರಾಟವಾಗಿತ್ತು ಅನ್ನುವುದರ ಮೇಲಿದೆ. ಎಚ್‌ಎಂಟಿ ಲಕ್ಷಗಟ್ಟಲೆ ರೈತರ ಹತ್ತಿರ ಇದ್ದದ್ದರಿಂದ ಗುಜರಿಯಿಂದಲಾದರೂ ಸಾಮಾನು ಹೊಂದಿಸಬಹುದು. ಜಿಲ್ಲೆಗೆ ಹತ್ತೋ ಇಪ್ಪತ್ತೋ ಮಾರಿದ ಗಾಡಿಗೆ ಆ ಆಸರೆ ಇರುವುದಿಲ್ಲ.

ವಾರಂಟಿ ಉದ್ದ ಕೊಡುತ್ತಾರೆ. ಅದು ಸಾಲದಾ?

ವಾರಂಟಿ ಕಾಗದ ಕಂಪನಿಯದು, ಅದನ್ನು ನಡೆಸಿಕೊಡುವವರು ಡೀಲರ್. ಇಷ್ಟು ವರ್ಷ ಅಥವಾ ಇಷ್ಟು ತಾಸು, ಯಾವುದು ಮೊದಲೋ ಅದು ಅಂತ ಇರುತ್ತದೆ. ಬಾಡಿಗೆ ಹೊಡೆಯುವವರ ತಾಸು ಬೇಗ ಮುಗಿಯುತ್ತದೆ. ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್, ಫಿಲ್ಟರ್‌ನಂಥ ಸವೆಯುವ ಸಾಮಾನು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಟೈರ್, ಬ್ಯಾಟರಿಗೆ ಅವುಗಳ ಕಂಪನಿಯದೇ ಬೇರೆ ವಾರಂಟಿ.

ಮೊದಲ ಸರ್ವೀಸ್ ಬಹುತೇಕ ಗಾಡಿಗಳಿಗೆ 50 ತಾಸಿನ ಹೊತ್ತಿಗೆ. ಅದನ್ನು ತಪ್ಪಿಸಬೇಡಿ. ಪ್ರತಿ ಸರ್ವೀಸಿಗೂ ತಾಸಿನ ಮೀಟರ್ ನಮೂದಾದ ಜಾಬ್ ಕಾರ್ಡ್ ಕೇಳಿ ಪಡೆಯಿರಿ. ಕೂಪನ್ ಹರಿದುಕೊಂಡು ಕಳಿಸಿಬಿಡುವ ಡೀಲರ್ ಬೇಡವೇ ಬೇಡ.

ಆ ಗಾಡಿ ಇಟ್ಟುಕೊಂಡವರನ್ನು ಎಲ್ಲಿ ಹುಡುಕುವುದು?

ಡೀಲರ್ ಕೊಡುವ ಹೆಸರುಗಳ ಜೊತೆ, ಡೀಲರ್ ಕೊಡದ ಒಬ್ಬರನ್ನಾದರೂ ಹುಡುಕಿ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ಬರುವ ಕಾಲದಲ್ಲಿ, ಬ್ಯಾಡಗಿಗೆ ಮೆಣಸಿನಕಾಯಿ ಹಂಗಾಮಿನಲ್ಲಿ ಹೋಗಿ. ಸುತ್ತಲಿನ ಜಿಲ್ಲೆಗಳ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿರುತ್ತವೆ, ಟೆಂಡರ್ ಆಗುವವರೆಗೆ ಮಾಲೀಕರೂ ಬಿಡುವಾಗಿರುತ್ತಾರೆ. ಮೀಟರ್ ಸಾವಿರ ತಾಸು ದಾಟಿದ ಗಾಡಿಯವರನ್ನು ಮಾತಾಡಿಸಿ. ಕಳೆದ ತಿಂಗಳು ಕೊಂಡವರಿಗೆ ಇನ್ನೂ ಏನೂ ಕೆಟ್ಟಿರುವುದಿಲ್ಲ.

"ಗಾಡಿ ಹೇಗಿದೆ?" ಅಂತ ಕೇಳಿದರೆ ಯಾರೂ ತಮ್ಮ ಗಾಡಿಯನ್ನು ಬೈದುಕೊಳ್ಳುವುದಿಲ್ಲ. "ಕಡೆಯ ಸಲ ಏನು ಕೆಟ್ಟಿತ್ತು, ಎಷ್ಟು ದಿನ ನಿಂತಿತ್ತು?" ಅಂತ ಕೇಳಿ. ಆಗ ನಿಜವಾದ ಉತ್ತರ ಬರುತ್ತದೆ.

ಕೃಷಿ ಮೇಳದಲ್ಲಿ ಬುಕ್ ಮಾಡಬಹುದಾ?

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿ, ಗಾಡಿಗಳನ್ನು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಮಳಿಗೆಯಲ್ಲಿ ಕಂಪನಿಯವರು ಸಿಕ್ಕರೆ ನಮ್ಮ ಭಾಗದ ಸರ್ವೀಸ್ ನೋಡಿಕೊಳ್ಳುವವರ ನಂಬರ್ ಇಸಿದುಕೊಳ್ಳಿ. ಅಡ್ವಾನ್ಸ್ ಮಾತ್ರ ಅಲ್ಲಿ ಕೊಡಬೇಡಿ. ಡೀಲರ್‌ನ ಕಪಾಟು ನೋಡಿದ ಮೇಲೆ ಕೊಟ್ಟರಾಯಿತು.

ಸಬ್ಸಿಡಿ, ದರ, ಮರುಮಾರಾಟ?

ಮಿನಿ ಟ್ರ್ಯಾಕ್ಟರ್‌ಗೆ ಸಬ್ಸಿಡಿ ಬೇಕಿದ್ದರೆ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಆ ಕಂಪನಿ, ಆ ಮಾಡೆಲ್ ಅನುಮೋದನೆಯ ಪಟ್ಟಿಯಲ್ಲಿದೆಯಾ ನೋಡಿ. ನಿಮ್ಮ ಫ್ರೂಟ್ಸ್ ನಂಬರ್ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕಾಗುತ್ತದೆ. "ಸಬ್ಸಿಡಿ ನಾವು ಮಾಡಿಸಿಕೊಡ್ತೇವ್ರಿ" ಅನ್ನುವ ಮಾತಿನ ಮೇಲೆ ಪೂರ್ತಿ ದುಡ್ಡು ಕಟ್ಟಬೇಡಿ.

ದರ ಹೋಲಿಸುವಾಗ ಹಳೆಯ ಕೊಟೇಶನ್ ಇಟ್ಟುಕೊಂಡು ಕೂರಬೇಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರ್‌ಗಳದು ಶೇ. 18ರಿಂದ 5ಕ್ಕೆ ಇಳಿದಿದೆ.

ಮರುಮಾರಾಟದಲ್ಲಿ ಹೆಸರು ಕಡಿಮೆ ಇರುವ ಗಾಡಿಗೆ ಪೆಟ್ಟು ಬೀಳುತ್ತದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವವರಿಗೆ ಇದು ಅಷ್ಟು ತಟ್ಟುವುದಿಲ್ಲ. ಐದು ವರ್ಷಕ್ಕೆ ಎಕ್ಸ್‌ಚೇಂಜ್ ಮಾಡುವ ಅಭ್ಯಾಸ ಇದ್ದವರು ಯೋಚನೆ ಮಾಡಲೇಬೇಕು.

ಹಾಗಾದರೆ ಇಂಥ ಗಾಡಿ ಯಾರು ತಗೊಳ್ಳಬಹುದು?

ಮನೆಯಲ್ಲಿ ಈಗಾಗಲೇ ಒಂದು ಟ್ರ್ಯಾಕ್ಟರೋ ಎತ್ತುಗಳೋ ಇದ್ದು, ಇದು ಎರಡನೆಯದು ಆದರೆ ಧೈರ್ಯ ಮಾಡಬಹುದು. ಹಾನಗಲ್ ಕಡೆಯ ಮಾವಿನ ತೋಟಕ್ಕೆ, ಮೆಣಸಿನಕಾಯಿ ಸಾಲಿನ ನಡುವೆ ಹರಗಲು ಚಿಕ್ಕ ಗಾಡಿ ಬೇಕಾದವರಿಗೆ ಕೆಲವೊಮ್ಮೆ ಸರಿಯಾದ ಅಳತೆಯ ಗಾಡಿ ಸಿಗುವುದೇ ಸಣ್ಣ ಕಂಪನಿಗಳಲ್ಲಿ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಹದದ ಅವಸರ ಎರೆಯಷ್ಟು ಇರುವುದಿಲ್ಲ, ಅಲ್ಲಿ ಒಂದೆರಡು ದಿನ ತಡೆದುಕೊಳ್ಳಬಹುದು.

ಪೂರ್ತಿ ಎರೆ ಹೊಲ, ಮನೆಗೆ ಒಂದೇ ಗಾಡಿ, ಕಂತು ಕಟ್ಟಲು ಬಾಡಿಗೆಯನ್ನೇ ನಂಬಿದ್ದೀರಿ ಅಂದರೆ, ಡೀಲರ್ ಪಕ್ಕಾ ಇರದ ಹೊರತು ಬೇಡ. ದೊಡ್ಡ ಹೆಸರಿನ ಸೋಮಾರಿ ಡೀಲರ್‌ಗಿಂತ ಸಣ್ಣ ಹೆಸರಿನ ಚುರುಕು ಡೀಲರ್ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ಚುರುಕುತನವನ್ನು ನೀವೇ ಕಣ್ಣಾರೆ ನೋಡಿರಬೇಕು.

ಡೀಲರ್ ಕೈಕೊಟ್ಟರೆ ಎಲ್ಲಿ ದೂರು ಕೊಡುವುದು?

ಮೊದಲು ಕಂಪನಿಗೆ ಬರಹದಲ್ಲಿ ಕೊಡಿ. ಫೋನಿನಲ್ಲಿ ಜಗಳ ಮಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಚಾಸಿ ನಂಬರ್, ಇಂಜಿನ್ ನಂಬರ್, ತಾಸಿನ ಮೀಟರ್, ಕೆಟ್ಟ ದಿನಾಂಕ ಬರೆದು ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಗಾಡಿ ನಿಂತಿರುವ ಫೋಟೋ, ಮೀಟರಿನ ಫೋಟೋ ತೆಗೆದಿಡಿ.

ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಟ್ರ್ಯಾಕ್ಟರ್ ಕೊಂಡ ರೈತರು ಕಾನೂನಿನಲ್ಲಿ ಗ್ರಾಹಕರೇ. ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ಹಾಕಬೇಕು. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ಬಿಲ್, ವಾರಂಟಿ ಪುಸ್ತಕ, ಪ್ರತಿ ಸರ್ವೀಸಿನ ಜಾಬ್ ಕಾರ್ಡ್, ಕಂಪನಿಗೆ ಬರೆದ ಪತ್ರದ ನಕಲು ಜೊತೆಗಿರಲಿ. ಡೀಲರ್ ಜೊತೆ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ.